ಮನೆಮಾತು: ಸರಣಿ ಹಂತಕರನ್ನು ಯಂತ್ರಗಳು ಹಿಡಿಯಬಲ್ಲವೆ?

ನಾಲ್ಕು ಮಂದಿ ಗೃಹಸ್ಥರು ಕಲೆತು ಕುಳಿತೆಡೆಯಲ್ಲಿ ಕೊಲೆ ಸುಲಿಗೆಗಳ ಪ್ರಸ್ತಾಪ ಬಂದಿತೆಂದರೆ, ಅವರಲ್ಲಿ ಒಬ್ಬರಾದರೂ ಈ ಮಾತನ್ನಾಡದೆ ಬಿಡುವುದಿಲ್ಲ: “ಈ ಕಾಲದಲ್ಲಿ ಕೊಂದು ದಕ್ಕಿಸಿಕೊಳ್ಳುವುದು ಎಲ್ಲಿಯ ಮಾತು? ಬೀದಿಬೀದಿಗೂ ಕ್ಯಾಮೆರಾ, ಕೈಕೈಯಲ್ಲೂ ಮೊಬೈಲು, ಒಂದೆಳೆ ಕೂದಲು ಸಿಕ್ಕಿದರೆ ಅದರಿಂದ ವಂಶವನ್ನೇ ಹೇಳಿಬಿಡುತ್ತಾರೆ.” ಈ ಮಾತು ಸುಳ್ಳಲ್ಲ. ಆದರೆ ಇದನ್ನು ನಂಬಿ ನಿಶ್ಚಿಂತರಾಗಿ ಮಲಗಬಹುದೆ ಎಂಬುದು ಬೇರೆಯ ಪ್ರಶ್ನೆ. ಒಬ್ಬರಾದ ಮೇಲೊಬ್ಬರನ್ನು ಒಂದೇ ಬಗೆಯಲ್ಲಿ ಕೊಲ್ಲುತ್ತ ಹೋಗುವವರನ್ನು ಈಗ ಸರಣಿ ಹಂತಕರೆಂದು ಕರೆಯುವುದುಂಟು. ಅಂಥವರ ವಿಷಯವನ್ನು ಸಂಸಾರಸ್ಥರು ಓದುವ ಈ ಪುಟಗಳಲ್ಲಿ ಎತ್ತುವುದು ಉಚಿತವೆ ಎಂದು ಕೆಲವರಿಗೆ ತೋರಬಹುದು. ಅಂಥವರ ಕೈಗೆ ಸಿಕ್ಕಿದವರು ನಮ್ಮ ಮನೆಗಳಂಥ ಮನೆಗಳಿಂದಲೇ ಹೊರಟವರು. ಆದುದರಿಂದ ಉಚಿತವೆಂದೇ ನಾವು ಭಾವಿಸುತ್ತೇವೆ.

ದೂರದ ದೇಶಗಳಿಗೆ ಹೋಗುವುದು ಬೇಡ. ನಮ್ಮ ತುಮಕೂರು ಸೀಮೆಯಲ್ಲಿಯೇ ನಡೆದುದನ್ನು ನೋಡೋಣ. ಬೆಂಗಳೂರಿನ ಬಳಿಯ ಕಗ್ಗಲೀಪುರದ ಕೆಂಪಮ್ಮ ಎಂಬಾಕೆ ದರ್ಜಿಯೊಬ್ಬನ ಹೆಂಡತಿ. ಆಕೆ ನಡೆಸುತ್ತಿದ್ದ ಚೀಟಿ ವ್ಯವಹಾರ ಮುಳುಗಿ, ಮನೆಯಿಂದ ಹೊರಬಿದ್ದು, ಕೂಲಿನಾಲಿಯಲ್ಲಿಯೂ ಸಣ್ಣಪುಟ್ಟ ಕಳವುಗಳಲ್ಲಿಯೂ ಕಾಲ ಹಾಕುತ್ತಿದ್ದಳು. 1999ರಲ್ಲಿ ಹೊಸಕೋಟೆಯ ಕಡೆ ಒಬ್ಬ ಹೆಂಗಸನ್ನು ವಿಷವಿಟ್ಟು ಕೊಂದಳು. ಆಮೇಲೆ ಕಳವಿನ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು ಕೆಲವು ತಿಂಗಳು ಸೆರೆಮನೆಯಲ್ಲಿದ್ದು ಬಂದಳು. ಬಳಿಕ 2007ರ ಕೊನೆಯ ಕೆಲವೇ ತಿಂಗಳುಗಳಲ್ಲಿ ಮತ್ತೆ ಐವರು ಹೆಂಗಸರನ್ನು ಕೊಂದಳು. ಅವರಲ್ಲಿ ಒಬ್ಬ ವೃದ್ಧೆ ಮಡಿದುದು ತುಮಕೂರಿಗೆ ಅಂಟಿಕೊಂಡಂತಿರುವ ಸಿದ್ಧಗಂಗೆಯಲ್ಲಿ. ಇನ್ನೊಬ್ಬಳು ಕುಣಿಗಲು ತಾಲ್ಲೂಕಿನ ಯಡಿಯೂರಿನಲ್ಲಿ, ಸಿದ್ಧಲಿಂಗೇಶ್ವರನ ಸನ್ನಿಧಿಯ ನೆರೆಯಲ್ಲಿ.

ಆಕೆ ಹೂಡುತ್ತಿದ್ದ ಉಪಾಯವನ್ನು ಗಮನಿಸತಕ್ಕದ್ದು. ದೇವಸ್ಥಾನಗಳಲ್ಲಿ ಭಕ್ತಳಂತೆ ಕುಳಿತು, ಯಾರ ಮುಖದಲ್ಲಿ ದುಃಖ ಕಾಣುವುದೋ ಅವರನ್ನು ಮೆಲ್ಲನೆ ಮಾತನಾಡಿಸುವಳು. ಒಬ್ಬಳಿಗೆ ಮಕ್ಕಳಿಲ್ಲ, ಒಬ್ಬಳಿಗೆ ಉಬ್ಬಸ, ಒಬ್ಬಳಿಗೆ ಕಾಣೆಯಾದ ಮೊಮ್ಮಗಳ ಚಿಂತೆ. “ಮಂಡಲ ಪೂಜೆ ಮಾಡಿಸಿದರೆ ಎಲ್ಲವೂ ನೇರ್ಪಡುವುದು; ಒಳ್ಳೆಯ ಸೀರೆಯುಟ್ಟು, ಇರುವ ಒಡವೆಗಳನ್ನೆಲ್ಲ ಇಟ್ಟುಕೊಂಡು, ಇಂಥ ಕ್ಷೇತ್ರಕ್ಕೆ ಬಾ” ಎಂದು ಹೇಳಿ ದೂರದೂರಿಗೆ ಕರೆಸಿಕೊಳ್ಳುವಳು. ಅಲ್ಲಿ ತೀರ್ಥವೆಂದು ಕೊಡುತ್ತಿದ್ದುದು ಸಯನೈಡ್ ಬೆರೆಸಿದ ನೀರು. ಚಿನ್ನದ ಕೆಲಸದವರು ಮೆರುಗಿಡಲು ಬಳಸುವ ಈ ವಸ್ತು ಹೊಟ್ಟೆಗೆ ಸೇರಿತೆಂದರೆ, ರಕ್ತದಲ್ಲಿ ಪ್ರಾಣವಾಯುವಿದ್ದರೂ ಶರೀರದ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಕೆಲವು ನಿಮಿಷಗಳೊಳಗೆ ಪ್ರಾಣ ಹೋಗುವುದು. ಒಡವೆ ಕಳಚಿಕೊಂಡು ಆಕೆ ಮುಂದಿನ ಬಸ್ಸು ಹತ್ತುವಳು.

2007ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಆಕೆ ಸಿಕ್ಕಿದುದು ಬೆಂಗಳೂರಿನ ಬಸ್ ನಿಲ್ದಾಣವೊಂದರಲ್ಲಿ, ಸತ್ತವರ ಒಡವೆಗಳನ್ನು ಮಾರುವ ಯತ್ನದಲ್ಲಿದ್ದಾಗ. ಆಕೆಗೆ ವಿಧಿಸಲಾದ ಮರಣದಂಡನೆ ಮುಂದೆ ಜೀವಾವಧಿ ಸೆರೆವಾಸಕ್ಕೆ ಇಳಿಯಿತು. ಜನರ ಬಾಯಲ್ಲಿ ಆಕೆ ‘ಸಯನೈಡ್ ಮಲ್ಲಿಕಾ’ ಎಂದು ಉಳಿದಳು.

ಈ ವೃತ್ತಾಂತದಲ್ಲಿ ನಮ್ಮನ್ನು ಕಲಕುವುದು ವಿಷದ ಘೋರತೆಯೊಂದೇ ಅಲ್ಲ. ಐದು ಸಾವುಗಳು ಬೇರೆ ಬೇರೆ ಊರುಗಳಲ್ಲಿ ನಡೆದುವು. ಆದಕಾರಣ ಒಂದೊಂದೂ ಬೇರೆ ಬೇರೆ ಠಾಣೆಯ ಕಡತವಾಯಿತು. ಸತ್ತವಳ ಮನೆ ಒಂದು ಕಡೆ, ಸತ್ತ ಸ್ಥಳ ಒಂದು ಕಡೆ, ಒಡವೆ ಮಾರುವ ಪೇಟೆ ಮತ್ತೊಂದು ಕಡೆ. ಒಂದೊಂದು ಕಡತವನ್ನೂ ಪ್ರತ್ಯೇಕವಾಗಿ ಓದಿದವರಿಗೆ ಕಾಣುವುದು ಒಂದು ಸಾವು. ಎಲ್ಲವನ್ನೂ ಒಂದೆಡೆ ಇಟ್ಟು ಓದಿದವರಿಗೆ ಮಾತ್ರ ಕಾಣುವುದು ಒಬ್ಬ ಹಂತಕಿ. ಸರಣಿ ಹಂತಕರ ಬಲವೆಲ್ಲ ಇರುವುದು ಈ ಎರಡರ ನಡುವಣ ಅಂತರದಲ್ಲಿ.

ಈ ಅಂತರ ಎಷ್ಟು ದೊಡ್ಡದಾಗಿ ಬೆಳೆಯಬಹುದೆಂಬುದಕ್ಕೆ ಕರಾವಳಿಯ ಪ್ರಕರಣ ಇನ್ನೂ ಕಠೋರವಾದ ನಿದರ್ಶನ. ಬಂಟ್ವಾಳ ತಾಲ್ಲೂಕಿನ ಕನ್ಯಾನದ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದವನು. 2009ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಇಪ್ಪತ್ತು ಮಂದಿ ಸ್ತ್ರೀಯರನ್ನು ಕೊಂದನೆಂಬುದು ಅವನ ಮೇಲಿದ್ದ ಆರೋಪ. ಬಡತನದಿಂದ ಮದುವೆ ತಡವಾದ ಹೆಣ್ಣುಮಕ್ಕಳನ್ನು ಹುಡುಕಿ, ವರದಕ್ಷಿಣೆ ಬೇಡವೆಂದು ಹೇಳಿ, ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು ಮುಂತಾದ ಊರುಗಳಿಗೆ ಕರೆದೊಯ್ಯುವನು. ಮರುದಿನ ಬೆಳಗ್ಗೆ ಒಡವೆಗಳನ್ನು ಕೋಣೆಯಲ್ಲಿ ಬಿಡಿಸಿಟ್ಟು, ಬಸ್ ನಿಲ್ದಾಣಕ್ಕೆ ಬಂದು, ಗರ್ಭ ನಿಲ್ಲದಿರಲು ನುಂಗಬೇಕೆಂದು ಗುಳಿಗೆ ಕೊಡುವನು. ನುಂಗಿದೊಡನೆ ತೊಂದರೆಯಾಗಬಹುದು, ಶೌಚಗೃಹಕ್ಕೆ ಹೋಗಿ ನುಂಗು ಎನ್ನುವನು. ಒಳಗಿನಿಂದ ಅಗಳಿ ಹಾಕಿಕೊಂಡವಳು ಹೊರಗೆ ಬರುತ್ತಿರಲಿಲ್ಲ. ಮೈಮೇಲೆ ಗುಂಜಿ ಚಿನ್ನವಿಲ್ಲದ, ಗುರುತು ಹೇಳುವವರಿಲ್ಲದ ಹೆಣ್ಣು. ಬಾಗಿಲು ಒಳಗಿನಿಂದ ಹಾಕಿದೆ. ಆತ್ಮಹತ್ಯೆಯಾಗಿರಬೇಕು—ಹೀಗೆ ಕಡತ ಮುಚ್ಚುತ್ತಿತ್ತು. ಒಂದೇ ಬಗೆಯ ಸಾವು ಮತ್ತೆ ಮತ್ತೆ ಬಂದರೂ, ಇವೆಲ್ಲ ಒಂದೇ ಕೈಯ ಕೆಲಸವಿರಬಹುದೆ ಎಂಬ ಪ್ರಶ್ನೆಗೆ ಹಲವು ವರ್ಷಗಳು ಬೇಕಾದುವು.

ಕೊನೆಗೆ ಅವನನ್ನು ಹಿಡಿಸಿದುದು ಯಂತ್ರವೆ? ಹೌದು, ಅರ್ಧ ಮಟ್ಟಿಗೆ. 2009ರಲ್ಲಿ ಬಂಟ್ವಾಳದ ಹಳ್ಳಿಯೊಂದರ ಯುವತಿ ಕಾಣೆಯಾದಳು. ಅನ್ಯಮತದವನೊಡನೆ ಓಡಿಹೋದಳೆಂಬ ಗಾಳಿಸುದ್ದಿ ಹಬ್ಬಿ ಊರು ಕೆರಳಿತು. ಆ ಗಾಳಿಸುದ್ದಿ ಶುದ್ಧ ಸುಳ್ಳು. ಅದರಿಂದ ನಿರಪರಾಧಿಗಳಿಗೆ ಅಪವಾದವಲ್ಲದೆ ಬೇರೇನೂ ಬರಲಿಲ್ಲ. ಆದರೆ ಹುಡುಕಾಟ ಬಲವಾಯಿತು. ಪೋಲೀಸಿನವರು ಟೆಲಿಫೋನು ಕರೆಗಳ ದಾಖಲೆಗಳನ್ನು ತರಿಸಿ ನೋಡಿದಾಗ, ಒಬ್ಬ ಕಾಣೆಯಾದ ಹೆಣ್ಣಿನ ಜಾಡು ಕಾಣೆಯಾದ ಮತ್ತೊಬ್ಬಳ ಕಡೆಗೆ ಬೊಟ್ಟುಮಾಡಿತು. ಆ ಎಳೆಯನ್ನು ಹಿಡಿದು ಹೋಗಿ ಅಕ್ಟೋಬರ್ ತಿಂಗಳಲ್ಲಿ ಮೋಹನನನ್ನು ಬಂಧಿಸಿದರು. 2013ರಿಂದ 2020ರವರೆಗೆ ಮಂಗಳೂರಿನ ನ್ಯಾಯಾಲಯದಲ್ಲಿ ಒಂದರಮೇಲೊಂದು ತೀರ್ಪು ಹೊರಬಿದ್ದುವು. ಕರೆಗಳ ದಾಖಲೆಯೆಂಬುದು ಅದಕ್ಕೆ ಮುಂಚೆಯೂ ಇತ್ತು. ಅದನ್ನು ತರಿಸಿ ನೋಡಬೇಕೆನ್ನುವ ಒತ್ತಾಯ ಇರಲಿಲ್ಲ. ಯಂತ್ರ ಉತ್ತರ ಕೊಟ್ಟಿತು. ಕೇಳಿದ ಮೇಲೆ ಕೊಟ್ಟಿತು.

ಇನ್ನು ಯಂತ್ರಗಳಿಂದ ಆಗಿರುವ ಉಪಕಾರವನ್ನು ನ್ಯಾಯವಾಗಿ ಎಣಿಸೋಣ. ಬೆರಳಚ್ಚುಗಳನ್ನು ವರ್ಗೀಕರಿಸಿಡುವ ಕಚೇರಿ ಲೋಕದಲ್ಲಿ ಮೊದಲು ತೆರೆದುದು ನಮ್ಮ ದೇಶದಲ್ಲಿ, ಕಲ್ಕತ್ತೆಯಲ್ಲಿ, 1897ರಲ್ಲಿ. ಅದರ ಲೆಕ್ಕಾಚಾರವನ್ನು ಕಟ್ಟಿಕೊಟ್ಟವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೋಲೀಸ್ ನೌಕರರೂ ಇದ್ದರು. ಆ ಕಾಲದಲ್ಲಿ ಒಂದು ಅಚ್ಚನ್ನು ಮತ್ತೊಂದರೊಡನೆ ಕಣ್ಣಿನಿಂದಲೇ ಹೋಲಿಸಬೇಕಾಗಿತ್ತು. 2022ರಲ್ಲಿ ಆರಂಭವಾದ ನಾಫಿಸ್ ಎಂಬ ರಾಷ್ಟ್ರೀಯ ವ್ಯವಸ್ಥೆಯಲ್ಲಿ ಒಂದು ರಾಜ್ಯದ ಅಚ್ಚನ್ನು ಇತರ ರಾಜ್ಯಗಳ ಸಂಗ್ರಹದೊಡನೆ ಗಣಕಯಂತ್ರವೇ ಹೋಲಿಸಿ ನೋಡುವುದು. 2009ರಲ್ಲಿ ಮಂಜೂರಾದ ಸಿ.ಸಿ.ಟಿ.ಎನ್.ಎಸ್. ಯೋಜನೆಯಿಂದ ದೇಶದ ಠಾಣೆಗಳ ಕಡತಗಳು ಒಂದೇ ಜಾಲದೊಳಕ್ಕೆ ಬಂದುವು. ಕುಣಿಗಲಿನ ಕಡತವನ್ನು ತುಮಕೂರಿನವರೂ ಬೆಂಗಳೂರಿನವರೂ ಕುಳಿತಲ್ಲಿಯೇ ನೋಡಬಹುದಾದ ಅನುಕೂಲ 2007ರಲ್ಲಿ ಇರಲಿಲ್ಲ. ಸಾವುಗಳನ್ನು ಜೋಡಿಸಿ ನೋಡುವುದಕ್ಕೆ ಇದು ದೊಡ್ಡ ಸಹಾಯವೆಂಬುದರಲ್ಲಿ ಸಂದೇಹವಿಲ್ಲ.

ಡಿ.ಎನ್.ಎ. ಪರೀಕ್ಷೆಯ ಮಹಿಮೆಯಂತೂ ಎಲ್ಲರೂ ಬಲ್ಲರು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರಿಸ್ 1984ರಲ್ಲಿ ಈ ಮಾರ್ಗವನ್ನು ಕಂಡುಹಿಡಿದರು. ಆ ಪ್ರಾಂತದಲ್ಲಿಯೇ 1983ರಲ್ಲಿ ಒಬ್ಬಳು, 1986ರಲ್ಲಿ ಒಬ್ಬಳು, ಹೀಗೆ ಇಬ್ಬರು ಬಾಲೆಯರು ಕೊಲೆಯಾಗಿದ್ದರು. ತಾನೇ ಕೊಂದೆನೆಂದು ಒಬ್ಬ ಹುಡುಗ ಒಪ್ಪಿಕೊಂಡೂ ಇದ್ದನು. ಹೊಸ ಪರೀಕ್ಷೆ ಮೊದಲು ಮಾಡಿದ ಕೆಲಸ, ಆ ಹುಡುಗ ನಿರಪರಾಧಿಯೆಂದು ತೋರಿಸಿಕೊಟ್ಟದ್ದು. ಆ ಬಳಿಕ ಸುತ್ತಣ ಹಳ್ಳಿಗಳ ಸಾವಿರಾರು ಗಂಡಸರ ರಕ್ತವನ್ನು ಪರೀಕ್ಷಿಸಿದರೂ ಕೊಲೆಗಾರ ಸಿಕ್ಕಲಿಲ್ಲ; ಏಕೆಂದರೆ ಅವನು ತನ್ನ ಬದಲಿಗೆ ಜೊತೆ ಕೆಲಸಗಾರನೊಬ್ಬನನ್ನು ಕಳುಹಿಸಿಬಿಟ್ಟಿದ್ದನು. ಆ ಜೊತೆಗಾರ ಪಾನಗೃಹದಲ್ಲಿ ಬಾಯಿಬಿಟ್ಟ ಮಾತನ್ನು ಕೇಳಿಸಿಕೊಂಡ ಹೆಂಗಸೊಬ್ಬಳು ಪೋಲೀಸಿಗೆ ತಿಳಿಸಿದಳು. 1987ರಲ್ಲಿ ಕಾಲಿನ್ ಪಿಚ್‌ಫೋರ್ಕ್ ಎಂಬವನು ಸಿಕ್ಕಿದುದು ಹೀಗೆ. ಇವನೇ ಅವನೆಂದು ಸಾಧಿಸಿದುದು ವಿಜ್ಞಾನ. ಇವನ ಕಡೆ ನೋಡಿರೆಂದು ಹೇಳಿದುದು ಒಂದು ಮನುಷ್ಯಕಂಠ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970 ಮತ್ತು 1980ರ ದಶಕಗಳಲ್ಲಿ ಹಲವರನ್ನು ಕೊಂದ ಜೋಸೆಫ್ ಡಿಯಾಂಜೆಲೊ ಎಂಬ ಮಾಜಿ ಪೋಲೀಸಿನವನು 2018ರ ಏಪ್ರಿಲಿನಲ್ಲಿ ಸೆರೆಸಿಕ್ಕಿದುದು ಇನ್ನೂ ಆಶ್ಚರ್ಯಕರ. ತಮ್ಮ ವಂಶವೃಕ್ಷ ತಿಳಿಯಲೆಂದು ಜನರು ತಾವಾಗಿಯೇ ಕೊಟ್ಟಿದ್ದ ಡಿ.ಎನ್.ಎ. ಸಂಗ್ರಹದಲ್ಲಿ ಅವನ ದೂರದ ದಾಯಾದಿಗಳು ಕಂಡುಬಂದು, ಅಲ್ಲಿಂದ ಬೇರು ಹಿಡಿದು ಅವನ ಮನೆಯ ಬಾಗಿಲಿಗೆ ಬಂದರು. ಹಾಗೆ ಬರಲು ಸಾಧ್ಯವಾದುದಕ್ಕೆ ಕಾರಣ, ಅಂದಿನ ಅಧಿಕಾರಿಗಳು ಆ ಸಾವುಗಳನ್ನು ಕೊಲೆಗಳೆಂದು ಬರೆದು, ದೊರೆತ ಕುರುಹುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದುದು. ಎತ್ತಿಡದಿದ್ದ ಕುರುಹನ್ನು ಯಾವ ವಿಜ್ಞಾನವೂ ನಲವತ್ತು ವರ್ಷಗಳ ಮೇಲೆ ಸೃಷ್ಟಿಸಿಕೊಡಲಾರದು.

ಯಂತ್ರ ತಾನೇ ತಪ್ಪುದಾರಿ ಹಿಡಿಸುವುದೂ ಉಂಟು. ಜರ್ಮನಿ, ಆಸ್ಟ್ರಿಯ, ಫ್ರಾನ್ಸ್ ದೇಶಗಳಲ್ಲಿ ನಲವತ್ತು ಅಪರಾಧಸ್ಥಳಗಳಲ್ಲಿ ಒಬ್ಬಳೇ ಸ್ತ್ರೀಯ ಡಿ.ಎನ್.ಎ. ಕಂಡುಬಂದು, ಮಹಾ ಹಂತಕಿಯೊಬ್ಬಳು ಸಂಚರಿಸುತ್ತಿದ್ದಾಳೆಂದು ಬಹುಕಾಲ ಹುಡುಕಿದರು. 2007ರಲ್ಲಿ ಹೈಲ್‌ಬ್ರಾನ್ ಎಂಬ ಊರಿನಲ್ಲಿ ಸ್ತ್ರೀ ಪೋಲೀಸೊಬ್ಬಳು ಹತಳಾದೆಡೆಯಲ್ಲಿಯೂ ಅದೇ ಗುರುತು. 2009ರಲ್ಲಿ ಗುಟ್ಟು ಬಯಲಾಯಿತು: ಕುರುಹು ಒರೆಸಿ ತೆಗೆಯಲು ಬಳಸುತ್ತಿದ್ದ ಹತ್ತಿಯ ಕಡ್ಡಿಗಳನ್ನು ಕಟ್ಟಿದ ಕಾರ್ಖಾನೆಯ ಕೆಲಸದವಳ ಡಿ.ಎನ್.ಎ. ಅದು! ಇಲ್ಲದ ಹಂತಕಿಯನ್ನು ಅಲ್ಲಿ ಹುಡುಕುತ್ತಿದ್ದ ಕಾಲದಲ್ಲಿಯೇ, ಇದ್ದ ಹಂತಕಿ ನಮ್ಮ ಯಡಿಯೂರಿನಲ್ಲಿ ತೀರ್ಥ ಹಂಚುತ್ತಿದ್ದಳು. ಮನಸ್ಸಿನೊಳಗಿನ ಗುಟ್ಟನ್ನೇ ಔಷಧಿಯಿಂದಲೂ ಯಂತ್ರದಿಂದಲೂ ಹೊರಗೆಳೆಯುವೆವೆಂಬ ಉತ್ಸಾಹ ನಮ್ಮ ನಾಡಿನಲ್ಲಿಯೂ ಒಮ್ಮೆ ಬೆಳೆದಿತ್ತು. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಅಂಥ ಪರೀಕ್ಷೆ ನಡೆಸಕೂಡದೆಂದು ತೀರ್ಪು ಕೊಟ್ಟಿತು. ಅದು ಯುಕ್ತವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಮೂಲಪ್ರಶ್ನೆಗೆ ನಮ್ಮ ಉತ್ತರವೇನು? ಸಾವನ್ನು ಕೊಲೆಯೆಂದು ಶಂಕಿಸಿದ ಮೇಲೆ ಹಂತಕನನ್ನು ಹಿಡಿಯುವುದು ಹಿಂದಿಗಿಂತ ಈಗ ನಿಶ್ಚಯವಾಗಿಯೂ ಸುಲಭ. ಆದರೆ ಶಂಕಿಸುವ ಕೆಲಸವನ್ನು ಯಾವ ಯಂತ್ರವೂ ಮಾಡುವುದಿಲ್ಲ. ಅದು ಮನುಷ್ಯರ ಕೆಲಸ, ಅದರಲ್ಲಿಯೂ ಮೊದಲು ಮನೆಯವರ ಕೆಲಸ. ಕೆಂಪಮ್ಮನೂ ಮೋಹನನೂ ಆರಿಸಿಕೊಂಡವರು ಯಾರು ಎಂಬುದನ್ನು ನೆನೆಯಿರಿ: ಒಂಟಿ ವೃದ್ಧೆ, ಮಕ್ಕಳಿಲ್ಲದವಳು, ವಯಸ್ಸು ಮೀರುತ್ತಿದ್ದರೂ ಮದುವೆಯಾಗದ ಬಡ ಹುಡುಗಿ. ಯಾರು ಇಲ್ಲವಾದರೆ ಲೋಕ ಬೇಗ ಕೇಳುವುದಿಲ್ಲವೋ ಅಂಥವರನ್ನೇ ಅವರು ಹುಡುಕಿದರು. “ಯಾವನೊಡನೆಯೋ ಹೋಗಿರಬೇಕು, ಹೇಳಿಕೊಂಡರೆ ಮನೆತನಕ್ಕೆ ಅವಮಾನ” ಎಂದು ಬಾಯಿ ಮುಚ್ಚಿಕೊಂಡ ಮನೆ, ತನಗರಿಯದೆಯೇ ಹಂತಕನಿಗೆ ಬೇಕಾದ ಕಾಲಾವಕಾಶವನ್ನು ದಾನಮಾಡಿದಂತಾಗುವುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಗುಬ್ಬಿಯ ಮನೆಯೊಂದರಿಂದ ಅಜ್ಜಿಯೊಬ್ಬರು ಯಾರೋ ಭಕ್ತೆಯ ಮಾತು ಕೇಳಿ ಯಡಿಯೂರಿಗೆ ಹೊರಟರೆನ್ನೋಣ. ಆ ಸಂಜೆ ಅವರು ಬರಲಿಲ್ಲ. ಮನೆಯವರು ನಾಳೆ ಬಂದಾರು, ನಾಡಿದ್ದು ಬಂದಾರು ಎಂದು ಎರಡು ವಾರ ಕಾದರು. ಅಷ್ಟರಲ್ಲಿ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿದ್ದ ಚಿತ್ರಗಳು ಅಳಿಸಿಹೋಗಬಹುದು. ಹಲವು ಕಡೆ ಹಳೆಯ ಚಿತ್ರಗಳ ಮೇಲೆಯೇ ಹೊಸವು ಕೆಲವು ವಾರಗಳಲ್ಲಿ ಬಂದು ಕೂರುತ್ತವೆ. ದೇಹ ದೊರೆತಿದ್ದರೆ ಅನಾಥಶವವೆಂದು ಸಂಸ್ಕಾರವೂ ಮುಗಿದಿರಬಹುದು. ಸಯನೈಡ್ ಬೇಗ ಆರಿ ಕರಗಿಹೋಗುವ ವಿಷವಾದುದರಿಂದ, ಒಡಲಿನ ಭಾಗಗಳನ್ನು ಕಾಲಮೀರಿ ಕಳುಹಿಸಿದರೆ ಪ್ರಯೋಗಶಾಲೆಯವರಿಗೂ ಅದು ಕಾಣದೆ ಹೋಗಬಹುದು. ಆ ಮೇಲೆ ಎಷ್ಟು ಯಂತ್ರಗಳನ್ನು ತಂದು ನಿಲ್ಲಿಸಿದರೂ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆಯೇ. ಅದೇ ಸಂಜೆಯೇ ಠಾಣೆಗೆ ಹೋಗಿದ್ದರೆ, ಅಜ್ಜಿಯ ಮೊಬೈಲು ಕೊನೆಗೆ ಯಾವ ಊರಿನ ಗೋಪುರದ ಸುತ್ತಿನಲ್ಲಿತ್ತು, ಹೊರಡುವ ಮುನ್ನ ಯಾರು ಅವರನ್ನು ಕರೆದಿದ್ದರು ಎಂಬುದು ಒಂದೆರಡು ದಿನಗಳಲ್ಲಿ ತಿಳಿಯಬಹುದಾಗಿತ್ತು. ಕರೆಗಳ ದಾಖಲೆಯನ್ನು ಕಂಪನಿಗಳು ಕನಿಷ್ಠಪಕ್ಷ ಎರಡು ವರ್ಷ ಇಟ್ಟಿರಬೇಕೆಂದು 2021ರಲ್ಲಿ ನಿಯಮವಾಗಿದೆ. ಅದಾದರೂ ಕೇಳಿದವರಿಗೆ ಮಾತ್ರ ಉಪಯೋಗ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮನೆಯವರು ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಮಾತು ಲೋಕರೂಢಿಯೇ ಹೊರತು ಕಾನೂನಲ್ಲ. ಕೂಡಲೆ ದೂರು ಕೊಡತಕ್ಕದ್ದು. ಘೋರ ಅಪರಾಧದ ಶಂಕೆಯಿದ್ದಲ್ಲಿ, ಸ್ಥಳ ತಮ್ಮ ಸರಹದ್ದಿನದಲ್ಲವೆಂದು ಯಾವ ಠಾಣೆಯವರೂ ತಿರುಗಿ ಕಳುಹಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ಪರಿಣತರು ಸ್ಥಳಕ್ಕೆ ಬಂದು ಕುರುಹು ಸಂಗ್ರಹಿಸಬೇಕೆಂದೂ ಅದರಲ್ಲಿ ವಿಧಿಸಿದೆ. ರಾಜ್ಯಗಳು ಇದನ್ನು ಐದು ವರ್ಷಗಳೊಳಗಾಗಿ ಜಾರಿಗೆ ತರಬೇಕು. ಪರಸ್ಥಳದಲ್ಲಿ ಬಂಧುಗಳು ಹಠಾತ್ತಾಗಿ ತೀರಿಕೊಂಡು, ಮೈಮೇಲಿನ ಒಡವೆ ಕಾಣದಿದ್ದರೆ, ದುಃಖದ ಭರದಲ್ಲಿ ಸಂಸ್ಕಾರಕ್ಕೆ ಆತುರಪಡದೆ ಶವಪರೀಕ್ಷೆಯಾಗಬೇಕೆಂದು ಕೇಳತಕ್ಕದ್ದು. ಅದರಿಂದ ಸತ್ತವರಿಗೆ ಅಪಚಾರವಾಗುವುದಿಲ್ಲ. ಮುಂದೆ ಸಾಯಬಹುದಾದವರಿಗೆ ಉಪಕಾರವಾಗುತ್ತದೆ.

ಛತ್ರ, ವಸತಿಗೃಹಗಳನ್ನು ನಡೆಸುವವರು ಬಂದವರ ಹೆಸರು, ಊರು, ಗುರುತಿನ ಚೀಟಿಗಳನ್ನು ಸರಿಯಾಗಿ ಬರೆದಿಡುವುದು ಬರಿಯ ಕಾಗದದ ಶಾಸ್ತ್ರವಲ್ಲವೆಂದು ತಿಳಿಯಬೇಕು. ಹಿರಿಯರಿಗೆ ದೇವರ ದರ್ಶನಕ್ಕೆ ಹೋಗಬೇಡಿರೆಂದು ಹೇಳುವುದು ನಮ್ಮ ಇಷ್ಟವಲ್ಲ. ಆದರೆ ಒಡವೆಗಳನ್ನೆಲ್ಲ ಇಟ್ಟುಕೊಂಡು ಒಂಟಿಯಾಗಿ, ಯಾರಿಗೂ ಹೇಳದೆ ಬಾ ಎನ್ನುವ ಪೂಜೆ ಯಾವ ಶಾಸ್ತ್ರದಲ್ಲಿಯೂ ಇಲ್ಲವೆಂಬುದನ್ನು ಅವರಿಗೆ ಸಮಾಧಾನದಿಂದ ತಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹೆಣ್ಣುಮಕ್ಕಳು ತಮ್ಮ ದುಃಖವನ್ನೂ ಆಸೆಯನ್ನೂ ಮನೆಯಲ್ಲಿಯೇ ಹೇಳಿಕೊಳ್ಳುವಂತಿರಬೇಕು. ಉಬ್ಬಸದ ಅತ್ತೆಯವರನ್ನು ವೈದ್ಯರ ಬಳಿಗೆ ಕರೆದೊಯ್ಯುವ ಸೊಸೆ, ಮಕ್ಕಳಿಲ್ಲದ ಸೊಸೆಯನ್ನು ಹೀನೈಸದ ಅತ್ತೆ, ಮದುವೆ ತಡವಾದ ತಂಗಿಯ ಮಾತನ್ನು ಕೇಳುವ ಅಣ್ಣ—ಇವರಿರುವ ಮನೆಯಲ್ಲಿ ಗುರುತಿಲ್ಲದವರ ಸವಿಮಾತಿಗೆ ಎಡೆ ಕಡಮೆ.

ವಿಜ್ಞಾನ ಇನ್ನೂ ಬೆಳೆಯಲಿ. ಠಾಣೆಗೊಂದು ಗಣಕಯಂತ್ರ, ಜಿಲ್ಲೆಗೊಂದು ಪ್ರಯೋಗಶಾಲೆ ಬರಲಿ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಸಿದ್ಧಗಂಗೆಯಲ್ಲಿಯೋ ಯಡಿಯೂರಿನಲ್ಲಿಯೋ ಒಂಟಿ ಹೆಂಗಸೊಬ್ಬಳು ಸತ್ತು ಬಿದ್ದಿದ್ದಾಳೆಂದಾಗ, “ಈಕೆ ಯಾರ ಮನೆಯವಳು? ಏತಕ್ಕೆ ಸತ್ತಳು?” ಎಂದು ಕೇಳುವ ಒಬ್ಬರು ಬೇಕು. ಆ ಪ್ರಶ್ನೆ ಹುಟ್ಟಿದ ದಿನವೇ ಹಂತಕನ ಕಾಲ ಸಮೀಪಿಸಿತೆಂದು ತಿಳಿಯಬಹುದು. ಅದು ಹುಟ್ಟದಿದ್ದರೆ ಎಲ್ಲ ಯಂತ್ರಗಳೂ ಇದ್ದೂ ಇಲ್ಲದಂತೆಯೇ.